ಹಡಗಿನಲ್ಲಿ ಏಳು ಈಜುಕೊಳ, ನಡೆಯಲಾಗದವರು ಇಳಿಯುವುದು ಯಾವುದಕ್ಕೆ?

2024ರ ಜನವರಿಯಲ್ಲಿ ಅಮೆರಿಕದ ಮಯಾಮಿ ಬಂದರಿನಿಂದ ‘ಐಕಾನ್ ಆಫ್ ದಿ ಸೀಸ್’ ಎಂಬ ಕ್ರೂಸ್ (ವಿಹಾರಯಾನದ) ಹಡಗು ಮೊದಲ ಯಾನಕ್ಕೆ ಹೊರಟಿತು. ಸುಮಾರು 365 ಮೀಟರ್ ಉದ್ದ, 20 ಡೆಕ್ (ಅಂತಸ್ತು), ಏಳು ಈಜುಕೊಳ. 2025ರ ಆಗಸ್ಟ್‌ನಲ್ಲಿ ಅದರ ಜೋಡಿ ಹಡಗು ‘ಸ್ಟಾರ್ ಆಫ್ ದಿ ಸೀಸ್’ ಬಂತು. ಇಂಥ ಸುದ್ದಿ ಬಂದಾಗಲೆಲ್ಲ ಮೇಲಿನ ಡೆಕ್‌ನ ನೀಲಿ ಕೊಳಗಳ ಫೋಟೊಗಳು ಎಲ್ಲ ಕಡೆ ಹರಿದಾಡುತ್ತವೆ. ವೀಲ್‌ಚೇರ್ ಬಳಸುವವರು, ಮಂಡಿನೋವಿನಿಂದ ಏಣಿ ಹತ್ತಲಾಗದವರು, ಪಾರ್ಶ್ವವಾಯು ಆದವರು ಮತ್ತು ಅವರ ಮನೆಯವರು ಆ ಫೋಟೊ ನೋಡಿ ಕೇಳುವ ಪ್ರಶ್ನೆ ಒಂದೇ: ಈ ನೀರಿಗೆ ನಾವು ಇಳಿಯಬಹುದಾ?

ಉತ್ತರ ಹುಡುಕಲು ಹೊರಟರೆ ಗೊಂದಲವೇ ಜಾಸ್ತಿ. ಅಂಗವಿಕಲರ ಹಕ್ಕಿನ ಅಮೆರಿಕದ ಕಾನೂನು ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ ಕ್ರೂಸ್ ಹಡಗುಗಳಿಗೂ ಅನ್ವಯಿಸುತ್ತದೆ, ಅಲ್ಲಿನ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ ಎಂದು ಒಂದು ಕಡೆ ಓದುತ್ತೇವೆ. ಹಡಗಿನ ಕೊಳಕ್ಕೆ ಲಿಫ್ಟ್ (ಕುರ್ಚಿಯಲ್ಲಿ ಕೂರಿಸಿ ನೀರಿಗೆ ಇಳಿಸುವ ಯಂತ್ರ) ಹಾಕಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ ಎಂದು ಇನ್ನೊಂದು ಕಡೆ ಓದುತ್ತೇವೆ. ವಿಚಿತ್ರವೆಂದರೆ ಎರಡೂ ನಿಜ. ಭೇದ ಮಾಡಬಾರದು ಎಂದು ಕಾನೂನು ಹೇಳುತ್ತದೆ. ಆದರೆ ಹಡಗಿನ ಕೊಳ ಹೇಗಿರಬೇಕು ಎಂಬ ಅಳತೆಯನ್ನು ಯಾರೂ ನಿಗದಿ ಮಾಡಿಲ್ಲ. ಗೊಂದಲವೆಲ್ಲ ಹುಟ್ಟುವುದು ಈ ನಡುವಿನ ಖಾಲಿ ಜಾಗದಲ್ಲಿ.

ಕೊಳದ ವಿಷಯಕ್ಕೆ ಇಷ್ಟು ಮಹತ್ವ ಯಾಕೆ?

ಕ್ಯಾಬಿನ್, ಶೌಚಾಲಯ, ಅಪಾಯದ ಹೊತ್ತಿನಲ್ಲಿ ಹೊರಬರುವ ದಾರಿ, ಇವೆಲ್ಲ ಮೊದಲು ಸರಿಯಾಗಲಿ, ಈಜು ಆಮೇಲೆ ನೋಡೋಣ ಎನ್ನುವವರಿದ್ದಾರೆ. ಆದರೆ ಕ್ರೂಸ್ ಟಿಕೆಟ್ ಕೊಳ್ಳುವವರು ಮನರಂಜನೆಗೆಂದೇ ಹಣ ಕೊಡುತ್ತಾರೆ. ಹಡಗು ಬಂದರು ಮುಟ್ಟದ ದಿನಗಳಲ್ಲಿ ಪ್ರಯಾಣಿಕರ ದಿನ ಕಳೆಯುವುದೇ ಕೊಳದ ಸುತ್ತ. ಪೂರ್ತಿ ದರ ಕೊಟ್ಟು ಬಂದವರು ದಡದಲ್ಲಿ ಕುಳಿತು ಉಳಿದವರು ಈಜುವುದನ್ನು ನೋಡುತ್ತಿರಬೇಕು ಎಂದರೆ ಅದು ಸಣ್ಣ ನಷ್ಟವಲ್ಲ.

ದೇಹಕ್ಕೆ ಸಂಬಂಧಿಸಿದ ಕಾರಣವೂ ಇದೆ. ನೀರು ದೇಹವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಮಟ್ಟಕ್ಕೆ ಹೋದರೆ ಇನ್ನೂ ಕಡಿಮೆ. ನೆಲದ ಮೇಲೆ ಒಂದು ಹೆಜ್ಜೆ ಇಡಲು ಕಷ್ಟಪಡುವವರು ನೀರಿನಲ್ಲಿ ನಾಲ್ಕು ಹೆಜ್ಜೆ ನಡೆಯಬಲ್ಲರು. ದಿನವಿಡೀ ಕುರ್ಚಿಯಲ್ಲೇ ಇರುವವರಿಗೆ ಯಾರ ಸಹಾಯವೂ ಇಲ್ಲದೆ ದೇಹ ತಿರುಗಿಸಲು ಸಿಗುವ ಜಾಗ ಬಹುಶಃ ಅದೊಂದೇ.

ಇಂಥವರ ಸಂಖ್ಯೆಯೂ ಚಿಕ್ಕದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ಜನ, ಅಂದರೆ ಆರರಲ್ಲಿ ಒಬ್ಬರು, ಒಂದಲ್ಲ ಒಂದು ಗಂಭೀರ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ. ಕ್ರೂಸ್ ಪ್ರಯಾಣಿಕರಲ್ಲಿ ವಯಸ್ಸಾದವರು ಹಿಂದಿನಿಂದಲೂ ಹೆಚ್ಚು. ಮಂಡಿ ಶಸ್ತ್ರಚಿಕಿತ್ಸೆ ಆದವರು, ಸಂಧಿವಾತ ಇರುವವರು ತಮ್ಮನ್ನು ಅಂಗವಿಕಲರು ಎಂದು ಕರೆದುಕೊಳ್ಳುವುದಿಲ್ಲ. ಏಣಿಯ ಮುಂದೆ ನಿಂತಾಗ ಅವರ ಕಷ್ಟವೂ ಅದೇ.

ಹಡಗಿನ ಕೊಳಕ್ಕೆ ಕಟ್ಟೆ ಯಾಕೆ ಇರುತ್ತದೆ?

ನೆಲದ ಮೇಲೆ ಕೊಳ ಕಟ್ಟುವಾಗ ಮಣ್ಣು ಅಗೆಯುತ್ತಾರೆ. ಹಾಗಾಗಿ ಕೊಳದ ಅಂಚು ಸುತ್ತಲಿನ ನೆಲಕ್ಕೆ ಸಮವಾಗಿರುತ್ತದೆ. ಹಡಗಿನಲ್ಲಿ ಅಗೆಯಲು ಏನೂ ಇಲ್ಲ. ಡೆಕ್‌ನ ಕೆಳಗೆ ಇನ್ನೊಂದು ಡೆಕ್, ಅಲ್ಲಿ ರೆಸ್ಟೋರೆಂಟೋ ಕ್ಯಾಬಿನ್‌ಗಳೋ ಇರುತ್ತವೆ. ಕೊಳದ ತೊಟ್ಟಿಯನ್ನು ಪೂರ್ತಿ ಕೆಳಕ್ಕೆ ಇಳಿಸಿದರೆ ಕೆಳಗಿನವರ ಚಾವಣಿ ತಗ್ಗುತ್ತದೆ, ದುಡ್ಡು ತರುವ ಜಾಗ ಕೈತಪ್ಪುತ್ತದೆ. ಅದಕ್ಕೇ ತೊಟ್ಟಿಯ ಒಂದಿಷ್ಟು ಭಾಗವನ್ನು ಡೆಕ್‌ನಿಂದ ಮೇಲಕ್ಕೆ ಎಬ್ಬಿಸುತ್ತಾರೆ.

ಹಡಗು ಓಲಾಡುವುದು ಎರಡನೇ ಕಾರಣ. ಹಡಗು ಒಂದು ಕಡೆ ವಾಲಿದಾಗ ಕೊಳದ ನೀರೂ ಆ ಕಡೆಗೆ ಹರಿಯುತ್ತದೆ. ಅಂಚು ನೀರಿನ ಮಟ್ಟಕ್ಕೇ ಇದ್ದರೆ ನೀರೆಲ್ಲ ಡೆಕ್ ಮೇಲೆ ಚೆಲ್ಲಿ ಓಡಾಡುವವರು ಜಾರಿ ಬೀಳುತ್ತಾರೆ. ಹಾಗಾಗಿ ನೀರಿನ ಮಟ್ಟಕ್ಕಿಂತ ಅಂಚು ಎತ್ತರದಲ್ಲಿರಬೇಕು.

ಮೂರನೆಯದು ಭಾರ. 10 ಮೀಟರ್ ಉದ್ದ, 6 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಒಂದು ಕೊಳ ಎಂದುಕೊಳ್ಳಿ. ಅದರಲ್ಲಿ 90 ಘನ ಮೀಟರ್ ನೀರು, ಅಂದರೆ 90 ಟನ್. ಇಷ್ಟು ಭಾರ ಹಡಗಿನ ತುತ್ತತುದಿಯಲ್ಲಿ ಕೂತಿರುತ್ತದೆ. ಕಟ್ಟಿಹಾಕಿದ ಸರಕಿನಂತೆ ಅದು ಸುಮ್ನೆ ಇರುವುದಿಲ್ಲ. ಹಡಗು ವಾಲಿದ ಕಡೆಗೇ ಜರುಗಿ ಆ ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಈ ಕಾರಣಕ್ಕೆ ಹಡಗಿನ ಕೊಳಗಳು ಸಾಮಾನ್ಯವಾಗಿ ಚಿಕ್ಕವು. ಸಮುದ್ರ ಕೆರಳಿದಾಗ ಕೊಳಕ್ಕೆ ಬಲೆ ಹಾಕಿ ಮುಚ್ಚುತ್ತಾರೆ, ಅಗತ್ಯ ಬಿದ್ದರೆ ನೀರನ್ನೇ ಖಾಲಿ ಮಾಡುತ್ತಾರೆ.

ಇಷ್ಟೆಲ್ಲ ಸೇರಿ ಕೊನೆಗೆ ಪ್ರಯಾಣಿಕರ ಕಣ್ಣಿಗೆ ಕಾಣುವುದು ಸುತ್ತ ಒಂದು ಕಟ್ಟೆ, ಅದನ್ನು ಹತ್ತಲು ಕೆಲವು ಮೆಟ್ಟಿಲು, ಒಳಕ್ಕೆ ಇಳಿಯಲು ಕಡಿದಾದ ಏಣಿ. ಹಾಟ್ ಟಬ್‌ಗಳು, ಅಂದರೆ ಬಿಸಿನೀರಿನ ತೊಟ್ಟಿಗಳು, ಹಲವು ಕಡೆ ಇನ್ನೂ ಎತ್ತರದ ವೇದಿಕೆಯ ಮೇಲಿರುತ್ತವೆ. ಈ ಎತ್ತರಕ್ಕೆ ಎಂಜಿನಿಯರಿಂಗ್ ಕಾರಣ ಇದೆ, ಒಪ್ಪೋಣ. ಆದರೆ ಕಟ್ಟೆ ಬೇಕು ಎಂಬುದಕ್ಕೆ ಕಾರಣ ಇದೆಯೇ ಹೊರತು, ಅದನ್ನು ದಾಟಲು ಏಣಿ ಬಿಟ್ಟು ಬೇರೆ ದಾರಿ ಇರಬಾರದು ಎಂಬುದಕ್ಕೆ ಯಾವ ಕಾರಣವೂ ಇಲ್ಲ.

ನೀರಿಗೆ ಇಳಿಯುವ ಮೂರು ದಾರಿ

ನೆಲದ ಮೇಲಿನ ಕೊಳಗಳಿಗೆ ಅಮೆರಿಕ 2010ರಲ್ಲಿ ಸ್ಪಷ್ಟ ಅಳತೆಗಳನ್ನು ಹಾಕಿತು. ಕೊಳದ ಗೋಡೆಯ ಒಟ್ಟು ಸುತ್ತಳತೆ 300 ಅಡಿಗಿಂತ ಕಡಿಮೆ ಇದ್ದರೆ ಕನಿಷ್ಠ ಒಂದು ಸುಗಮ ದಾರಿ ಇರಬೇಕು, ಅದು ಲಿಫ್ಟ್ ಅಥವಾ ಇಳಿಜಾರು ಆಗಿರಬೇಕು. 300 ಅಡಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎರಡು ದಾರಿ ಬೇಕು. ಮೇಲೆ ಹೇಳಿದ 10 ಮೀಟರ್ ಉದ್ದದ ಕೊಳದ ಸುತ್ತಳತೆ 32 ಮೀಟರ್, ಅಂದರೆ 105 ಅಡಿ. ಇದೇ ನಿಯಮವನ್ನು ಹಡಗಿಗೂ ಹಾಕಿದರೆ ಅಂಥ ಕೊಳಕ್ಕೆ ಒಂದು ದಾರಿ ಸಾಕು. ಕೇಳುತ್ತಿರುವುದು ಅಷ್ಟೇ.

ಮೊದಲನೆಯದು ಲಿಫ್ಟ್. ಒಂದು ತೋಳಿಗೆ ಕುರ್ಚಿ ಜೋಡಿಸಿರುತ್ತಾರೆ. ವೀಲ್‌ಚೇರ್‌ನಿಂದ ಆ ಕುರ್ಚಿಗೆ ಸರಿದು ಕೂತರೆ ಅದು ತಿರುಗಿ ನೀರಿಗೆ ಇಳಿಸುತ್ತದೆ. 2010ರ ಅಳತೆಯ ಪ್ರಕಾರ ಕುರ್ಚಿ ಡೆಕ್‌ನಿಂದ 16ರಿಂದ 19 ಇಂಚು ಎತ್ತರದಲ್ಲಿ ನಿಲ್ಲಬೇಕು, ನೀರಿನ ಮಟ್ಟದಿಂದ ಕನಿಷ್ಠ 18 ಇಂಚು ಕೆಳಕ್ಕೆ ಹೋಗಬೇಕು, ಕನಿಷ್ಠ 300 ಪೌಂಡ್, ಅಂದರೆ 136 ಕಿಲೋ ಭಾರ ಎತ್ತಬೇಕು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಷರತ್ತು ಅದರಲ್ಲೇ ಇದೆ. ಕುರ್ಚಿಯಲ್ಲಿ ಕೂತವರು ಬೇರೆಯವರ ಸಹಾಯ ಇಲ್ಲದೆ, ಡೆಕ್‌ನಿಂದಲೂ ನೀರಿನೊಳಗಿನಿಂದಲೂ ಲಿಫ್ಟ್ ನಡೆಸುವಂತಿರಬೇಕು. ಇಳಿಯುವುದೂ ಏಳುವುದೂ ಅವರ ಕೈಯಲ್ಲೇ ಇರಬೇಕು ಎಂಬುದು ಇದರ ಉದ್ದೇಶ.

ಹಡಗಿನಲ್ಲಿ ಈ ಲಿಫ್ಟ್‌ಗೆ ಎದುರಾಗುವ ಕಷ್ಟ ಕಟ್ಟೆಯದ್ದು. ನೆಲಕ್ಕೆ ಸಮವಾಗಿರುವ ಕೊಳಕ್ಕೆಂದು ಮಾಡಿದ ಲಿಫ್ಟ್ ಕಟ್ಟೆ ದಾಟಲಾರದು. ಕುರ್ಚಿ ಮೊದಲು ಮೇಲೇರಿ, ಕಟ್ಟೆ ದಾಟಿ, ಆಮೇಲೆ ಇಳಿಯಬೇಕು. ಹೀಗೆ ಎತ್ತರದ ಅಂಚಿಗೆಂದೇ ಮಾಡಿದ ಉದ್ದ ತೋಳಿನ ಲಿಫ್ಟ್‌ಗಳು ಮಾರುಕಟ್ಟೆಯಲ್ಲಿ ಇವೆ. ಹಡಗು ಕಟ್ಟುವಾಗಲೇ ಅದರ ಬುಡಕ್ಕೆ ಜಾಗ ಮಾಡಿಟ್ಟರೆ ಕೆಲಸ ಸುಲಭ. ಆಮೇಲೆ ಹಾಕಲು ಹೊರಟರೆ ಡೆಕ್ ಕೊರೆಯಬೇಕು, ಕೆಳಗಿನ ಕ್ಯಾಬಿನ್‌ಗೆ ನೀರು ಸೋರದಂತೆ ಬಿಗಿ ಮಾಡಬೇಕು.

ಎರಡನೆಯದು ಇಳಿಜಾರು. ಕಡಲತೀರದ ಹಾಗೆ ನೆಲವೇ ಮೆಲ್ಲಗೆ ನೀರೊಳಗೆ ಇಳಿಯುತ್ತದೆ. ಬಳಸುವವರಿಗೆ ಇದೇ ಅತ್ಯಂತ ಗೌರವದ ದಾರಿ. ಎಲ್ಲರೂ ನೋಡುತ್ತಿರುವಾಗ ತೂಗುವ ಕುರ್ಚಿಯಲ್ಲಿ ಗಾಳಿಯಲ್ಲಿ ನೇತಾಡಬೇಕಾಗಿಲ್ಲ. ಮಕ್ಕಳು, ಅಜ್ಜ–ಅಜ್ಜಿ, ವೀಲ್‌ಚೇರ್‌ನವರು ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತಾರೆ. ರಾಯಲ್ ಕೆರಿಬಿಯನ್ ಕ್ರೂಸ್ ಕಂಪನಿಯ ಓಯಸಿಸ್ ವರ್ಗದ ಹಡಗುಗಳಲ್ಲಿ ಇಂಥ ಕೊಳ ಇದೆ. ಆದ್ದರಿಂದ ಹಡಗಿನಲ್ಲಿ ಇಳಿಜಾರು ಸಾಧ್ಯವೇ ಇಲ್ಲ ಎನ್ನುವ ಮಾತು ನಿಲ್ಲುವುದಿಲ್ಲ.

ಆದರೆ ಜಾಗ ಬೇಕು. ನಿಯಮದ ಪ್ರಕಾರ ಇಳಿಜಾರು 12 ಅಡಿ ಉದ್ದಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಯಬಾರದು. ಕನಿಷ್ಠ 24 ಇಂಚು ಆಳದವರೆಗೆ ಹೋಗಬೇಕು. ಲೆಕ್ಕ ಹಾಕಿದರೆ ಇಳಿಜಾರಿಗೇ 24 ಅಡಿ, ಅಂದರೆ ಏಳು ಮೀಟರ್‌ಗಿಂತ ಹೆಚ್ಚು ಉದ್ದ ಬೇಕಾಗುತ್ತದೆ. 10 ಮೀಟರ್ ಕೊಳದಲ್ಲಿ ಉಳಿಯುವುದು ಮೂರು ಮೀಟರ್ ಮಾತ್ರ. ದೊಡ್ಡ ಹಡಗಿಗೆ ಇದು ಹೊಂದುತ್ತದೆ, ಚಿಕ್ಕದಕ್ಕೆ ಕಷ್ಟ. ಜೊತೆಗೆ ನೀರಿನಲ್ಲಿ ಬಳಸುವ ಪ್ರತ್ಯೇಕ ವೀಲ್‌ಚೇರ್ ಅಲ್ಲೇ ಇಟ್ಟಿರಬೇಕು. ಮೋಟಾರು, ಬ್ಯಾಟರಿ ಇರುವ ಸ್ವಂತ ಕುರ್ಚಿಯನ್ನು ಯಾರೂ ನೀರಿಗೆ ಇಳಿಸುವುದಿಲ್ಲ, ಅಲ್ವಾ?

ಮೂರನೆಯದರ ಬಗ್ಗೆ ಮಾತು ಕಡಿಮೆ. ಹಡಗಿನ ಮಟ್ಟಿಗೆ ನನಗೆ ಅದೇ ಹೆಚ್ಚು ಕುತೂಹಲದ್ದು ಅನಿಸುತ್ತದೆ. 2010ರ ಅಳತೆಗಳಲ್ಲಿ ‘ಟ್ರಾನ್ಸ್‌ಫರ್ ವಾಲ್’ ಎಂಬ ಒಂದು ವ್ಯವಸ್ಥೆ ಇದೆ. ಕೊಳದ ಅಂಚಿನಲ್ಲಿ 16ರಿಂದ 19 ಇಂಚು ಎತ್ತರದ, 12ರಿಂದ 16 ಇಂಚು ಅಗಲದ ಗೋಡೆ. ಮೇಲೆ ಹಿಡಿದುಕೊಳ್ಳಲು ಕಂಬಿ, ಚರ್ಮ ತರಚದಂತೆ ದುಂಡಗಿನ ಅಂಚು. ವೀಲ್‌ಚೇರ್‌ನ ಸೀಟಿನಷ್ಟೇ ಎತ್ತರ ಇರುವುದರಿಂದ ಕುರ್ಚಿಯಿಂದ ಗೋಡೆಗೆ ಸರಿದು ಕೂತು, ಕಾಲನ್ನು ಕೈಯಿಂದ ಎತ್ತಿ ಒಳಗೆ ಹಾಕಿ ನೀರಿಗೆ ಜಾರಬಹುದು.

ಹಡಗಿನ ಕೊಳದ ಸುತ್ತ ಇರುವುದೂ ಗೋಡೆಯೇ! ಅದೇ ಕಟ್ಟೆಯ ಒಂದು ಬದಿಯನ್ನು ಈ ಎತ್ತರಕ್ಕೆ, ಈ ಅಗಲಕ್ಕೆ ಕಟ್ಟಿ, ಎರಡು ಕಂಬಿ ಹಾಕಿ, ಮುಂದೆ ವೀಲ್‌ಚೇರ್ ತಿರುಗಿಸಲು 60 ಇಂಚು ಜಾಗ ಬಿಟ್ಟರೆ ಅಡ್ಡಿಯಾಗಿದ್ದ ಕಟ್ಟೆಯೇ ದಾರಿಯಾಗುತ್ತದೆ. ಯಂತ್ರ ಬೇಡ, ಬ್ಯಾಟರಿ ಬೇಡ. ಇದು ಎಲ್ಲರಿಗೂ ಆಗುವುದಿಲ್ಲ, ತೋಳಿನಲ್ಲಿ ಬಲ ಇರುವವರಿಗೆ ಮಾತ್ರ. ಹೊರಬರುವುದು ಇಳಿಯುವುದಕ್ಕಿಂತ ಕಷ್ಟ. ಅದಕ್ಕೇ ನಿಯಮ ಇದನ್ನು ಎರಡನೇ ದಾರಿಯಾಗಿ ಮಾತ್ರ ಒಪ್ಪುತ್ತದೆ, ಒಂದೇ ದಾರಿಯಾಗಿ ಅಲ್ಲ. ಆದರೂ ಲಿಫ್ಟ್ ಕೆಟ್ಟು ನಿಂತ ದಿನ ಕೆಲವರಿಗಾದರೂ ಇದು ಆಸರೆ.

ಕಾನೂನು ಎಲ್ಲಿ ಬಂದು ನಿಂತಿದೆ?

ಅಮೆರಿಕದ ಅಂಗವಿಕಲರ ಕಾಯ್ದೆ ಬಂದದ್ದು 1990ರಲ್ಲಿ. ಹೋಟೆಲ್, ಅಂಗಡಿ, ಬಸ್ಸು ಎಲ್ಲವೂ ಅದರೊಳಗೆ ಬಂದವು. ಕ್ರೂಸ್ ಹಡಗು ಬರುತ್ತದಾ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಯಾಕೆಂದರೆ ಅಮೆರಿಕದ ಬಂದರುಗಳಿಂದ ಹೊರಡುವ ಬಹುಪಾಲು ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾದಂಥ ಬೇರೆ ದೇಶಗಳಲ್ಲಿ ನೋಂದಣಿಯಾಗಿರುತ್ತವೆ. ಹಡಗಿನ ಮೇಲೆ ಮೊದಲ ಅಧಿಕಾರ ಬಾವುಟದ ದೇಶದ್ದು. ಐಕಾನ್ ಆಫ್ ದಿ ಸೀಸ್ ಕೂಡ ಬಹಾಮಾಸ್ ಬಾವುಟದ ಹಡಗು.

ನಾರ್ವೇಜಿಯನ್ ಕ್ರೂಸ್ ಲೈನ್ ವಿರುದ್ಧದ ಪ್ರಕರಣದಲ್ಲಿ 2005ರ ಜೂನ್ 6ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಹ್ಯೂಸ್ಟನ್‌ನಿಂದ ಹೊರಟ ಹಡಗುಗಳ ಅಂಗವಿಕಲ ಪ್ರಯಾಣಿಕರು ಮತ್ತು ಅವರ ಜೊತೆಗಾರರು ದೂರು ಕೊಟ್ಟಿದ್ದರು. ತಮ್ಮಿಂದ ಹೆಚ್ಚು ದರ ಕೇಳುತ್ತಾರೆ, ಅಪಾಯ ಬಂದರೆ ಪಾರಾಗುವ ವ್ಯವಸ್ಥೆಯಲ್ಲಿ ತಮ್ಮನ್ನು ಲೆಕ್ಕಕ್ಕೆ ಇಟ್ಟಿಲ್ಲ, ಹಡಗಿನ ಸೌಲಭ್ಯಗಳಿಗೆ ಹೋಗಲು ಅಡೆತಡೆಗಳಿವೆ ಎಂಬುದು ಅವರ ಅಳಲು. ಅಮೆರಿಕದ ನೀರಿನಲ್ಲಿರುವಾಗ ವಿದೇಶಿ ಬಾವುಟದ ಹಡಗಿಗೂ ಈ ಕಾಯ್ದೆ ಅನ್ವಯಿಸುತ್ತದೆ ಎಂದು ನ್ಯಾಯಾಲಯ ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆಂಥನಿ ಕೆನಡಿ.

ಆ ತೀರ್ಪಿನೊಳಗೇ ಎರಡು ತಡೆಗಳೂ ಇದ್ದವು. ಒಂದು, ಹಡಗಿನ ಆಂತರಿಕ ವ್ಯವಹಾರದಲ್ಲಿ ಕೈಹಾಕುವಂಥ ಬೇಡಿಕೆಗೆ ಅಮೆರಿಕದ ಸಂಸತ್ತು ಸ್ಪಷ್ಟವಾಗಿ ಹೇಳಿರಬೇಕು. ಎರಡು, ಕಾಯ್ದೆಯಲ್ಲೇ ಇರುವ ಮಾತು: ಈಗಾಗಲೇ ಇರುವ ಅಡೆತಡೆಗಳನ್ನು ಹೆಚ್ಚು ತೊಂದರೆ, ಖರ್ಚು ಇಲ್ಲದೆ ತೆಗೆಯಲು ಆಗುವುದಾದರೆ ಮಾತ್ರ ತೆಗೆಯಬೇಕು. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ವಿರುದ್ಧವಾಗುವ ಬದಲಾವಣೆಯನ್ನು ಕೇಳುವಂತಿಲ್ಲ.

ಈ ಎರಡನೇ ಮಾತನ್ನು ಕೊಳಕ್ಕೆ ಹೊಂದಿಸಿ ನೋಡೋಣ. ಹೊರಡೆಕ್‌ಗೆ ತೆರೆಯುವ ಬಾಗಿಲಿನ ಎತ್ತರದ ಹೊಸ್ತಿಲು ಅಲೆಯ ನೀರು ಒಳಗೆ ನುಗ್ಗದಂತೆ ಕಾಯುತ್ತದೆ. ಅದಕ್ಕೆ ಅಂತರರಾಷ್ಟ್ರೀಯ ನಿಯಮಗಳ ಬೆಂಬಲ ಇದೆ. ಅದನ್ನು ಕಿತ್ತುಹಾಕಿ ಎನ್ನಲಾಗದು, ಮೇಲೊಂದು ಚಿಕ್ಕ ಇಳಿಜಾರು ಕೂರಿಸಿ ಎನ್ನಬಹುದು. ಕೊಳದ ಪಕ್ಕ ಲಿಫ್ಟ್ ನಿಲ್ಲಿಸುವುದರಿಂದ ಹಡಗು ಮುಳುಗುವ ಅಪಾಯವೇನೂ ಬರುವುದಿಲ್ಲ. ಎಂದರೆ ಲಿಫ್ಟ್ ಕೇಳುವವರ ವಾದಕ್ಕೆ ಬಲ ಇದೆ. ಆದರೆ ಅದು ವಾದವಾಗಿಯೇ ಉಳಿದಿದೆ, ನಿಯಮವಾಗಿಲ್ಲ.

ಯಾಕೆ ಆಗಿಲ್ಲ? ಕಟ್ಟಡಗಳಿಗೆ ಅಳತೆ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಆಕ್ಸೆಸ್ ಬೋರ್ಡ್. ಪ್ರಯಾಣಿಕರ ಹಡಗುಗಳಿಗೂ ಅಳತೆ ರೂಪಿಸಲು ಅದು 1990ರ ದಶಕದ ಕೊನೆಯಲ್ಲೇ ಕೆಲಸ ಶುರು ಮಾಡಿತು. ಕರಡುಗಳು ಬಂದವು, ಚರ್ಚೆಗಳಾದವು. 2013ರ ಜೂನ್‌ನಲ್ಲಿ ಔಪಚಾರಿಕ ಪ್ರಸ್ತಾವವೂ ಪ್ರಕಟವಾಯಿತು. ಅದು ಅಂತಿಮ ನಿಯಮವಾಗಿ ಜಾರಿಗೆ ಬರಲೇ ಇಲ್ಲ. ಸಾರಿಗೆ ಇಲಾಖೆ 2010ರಲ್ಲಿ ಹಡಗುಗಳಿಗೆಂದೇ ಒಂದು ನಿಯಮ ತಂದಿತು, ನಿಜ. ಆದರೆ ಅದು ಪ್ರಯಾಣಿಕರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ. ಅಂಗವಿಕಲರು ಎಂಬ ಕಾರಣಕ್ಕೆ ಹತ್ತಿಸಿಕೊಳ್ಳದಿರುವುದು, ಹೆಚ್ಚುವರಿ ಹಣ ಕೇಳುವುದು ಇಂಥವನ್ನು ಅದು ತಡೆಯುತ್ತದೆ. ಹಡಗನ್ನು ಹೇಗೆ ಕಟ್ಟಬೇಕು ಎಂದು ಹೇಳುವುದಿಲ್ಲ.

ಒಪ್ಪಂದಗಳ ಮೂಲಕ ಬಂದ ಬದಲಾವಣೆ

ಅಳತೆ ಇಲ್ಲದಿದ್ದರೂ ದೂರುಗಳು ಕೆಲಸ ಮಾಡಿವೆ. 2015ರಲ್ಲಿ ಕಾರ್ನಿವಲ್ ಕಾರ್ಪೊರೇಷನ್ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ ಒಪ್ಪಂದಕ್ಕೆ ಬಂತು. ಕಾರ್ನಿವಲ್, ಹಾಲೆಂಡ್ ಅಮೆರಿಕ, ಪ್ರಿನ್ಸೆಸ್ ಬ್ರ್ಯಾಂಡ್‌ಗಳ 62 ಹಡಗುಗಳು ಅದರ ವ್ಯಾಪ್ತಿಗೆ ಬಂದವು. 3,50,000 ಡಾಲರ್ ಪರಿಹಾರ, 55,000 ಡಾಲರ್ ದಂಡ. ಇಂಥ ದೊಡ್ಡ ಕಂಪನಿಗೆ ಈ ಮೊತ್ತ ಏನೂ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ಹಡಗುಗಳ ಸಮೀಕ್ಷೆ, ಶೇ 3ರಷ್ಟು ಕ್ಯಾಬಿನ್‌ಗಳು ಸುಗಮವಾಗಿರಬೇಕು ಎಂಬ ಷರತ್ತು, ಸಿಬ್ಬಂದಿಗೆ ತರಬೇತಿ.

ಈ ದಾರಿಯ ಮಿತಿಯೂ ಇಲ್ಲೇ ಕಾಣುತ್ತದೆ. ಒಪ್ಪಂದ ಸಹಿ ಹಾಕಿದ ಕಂಪನಿಗೆ ಮಾತ್ರ ಅಂಟುತ್ತದೆ. ಪಕ್ಕದ ಕಂಪನಿ ತನ್ನ ಮನಸ್ಸಿಗೆ ಬಂದಂತೆ ಮಾಡಬಹುದು. ಕೆಲವು ಕಂಪನಿಗಳು ತಾವಾಗಿಯೇ ಮುಂದೆ ಬಂದಿವೆ. ಕನಿಷ್ಠ ಒಂದು ಕೊಳ ಮತ್ತು ಒಂದು ಹಾಟ್ ಟಬ್‌ಗೆ ಲಿಫ್ಟ್ ಇರುವುದಾಗಿ ರಾಯಲ್ ಕೆರಿಬಿಯನ್ ಹೇಳಿಕೊಳ್ಳುತ್ತದೆ. ಇದು ಒಳ್ಳೆಯದೇ. ಆದರೆ ಕಂಪನಿಯ ಒಳ್ಳೆಯತನದ ಮೇಲೆ ನಿಂತದ್ದನ್ನು ಹಕ್ಕು ಎಂದು ಕರೆಯಲಾಗದು.

ಯುರೋಪಿನಲ್ಲೂ ಚಿತ್ರ ಹೆಚ್ಚು ಬೇರೆ ಇಲ್ಲ. ಯುರೋಪಿಯನ್ ಒಕ್ಕೂಟದ 1177/2010 ಸಂಖ್ಯೆಯ ನಿಯಮ 2012ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಬಂದರಿನಲ್ಲೂ ಹಡಗಿನಲ್ಲೂ ಉಚಿತ ಸಹಾಯ ಕೊಡಬೇಕು ಎನ್ನುತ್ತದೆ. ಕೊಳಕ್ಕೆ ಇಳಿಯುವ ಸಾಧನದ ಅಳತೆ ಅದರಲ್ಲಿ ಇಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ 1996ರಲ್ಲೇ ವಯಸ್ಸಾದ, ಅಂಗವಿಕಲ ಪ್ರಯಾಣಿಕರಿಗಾಗಿ ಹಡಗು ವಿನ್ಯಾಸದ ಸುತ್ತೋಲೆ ಹೊರಡಿಸಿತು, ಆದರೆ ಅದು ಬರೀ ಶಿಫಾರಸು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯ 30ನೇ ವಿಧಿ ಮನರಂಜನೆ, ವಿರಾಮ, ಕ್ರೀಡೆಯಲ್ಲಿ ಸಮಾನ ಅವಕಾಶದ ಮಾತಾಡುತ್ತದೆ. ಅಲ್ಲೂ ಇಂಚು, ಅಡಿಗಳಿಲ್ಲ.

ಕಂಪನಿಗಳು ಏನು ಹೇಳುತ್ತವೆ?

ಅವರ ವಾದದಲ್ಲಿ ತಿರುಳೇ ಇಲ್ಲ ಎನ್ನಲಾಗದು. ಓಲಾಡುವ ಹಡಗಿನಲ್ಲಿ ಗಾಳಿಯಲ್ಲಿ ನೇತಾಡುವ ಕುರ್ಚಿ ಅಪಾಯಕಾರಿ ಎನ್ನುತ್ತಾರೆ. ಉಪ್ಪುಗಾಳಿಗೆ ಯಂತ್ರ ತುಕ್ಕು ಹಿಡಿಯುತ್ತದೆ. ಸಿಬ್ಬಂದಿ ಪ್ರಯಾಣಿಕರನ್ನು ಎತ್ತಿದರೆ ಸಿಬ್ಬಂದಿಯ ಬೆನ್ನಿಗೂ ಪೆಟ್ಟು, ಪ್ರಯಾಣಿಕರಿಗೂ ಪೆಟ್ಟು. ಅದಕ್ಕೇ ಹಲವು ಕಂಪನಿಗಳು ಸಿಬ್ಬಂದಿ ಯಾರನ್ನೂ ಎತ್ತುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತವೆ. ಹಳೆಯ ಹಡಗುಗಳಲ್ಲಿ ಬದಲಾವಣೆ ಮಾಡಬೇಕೆಂದರೆ ಡ್ರೈ ಡಾಕ್‌ಗೆ, ಅಂದರೆ ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಕಟ್ಟೆಗೆ, ಹೋಗುವವರೆಗೆ ಕಾಯಬೇಕು.

ಓಲಾಟದ ವಾದವನ್ನು ಸ್ವಲ್ಪ ಕೆದಕಿ ನೋಡಬೇಕು. ಸಮುದ್ರ ಜೋರಾಗಿದ್ದಾಗ ಕೊಳವನ್ನು ಎಲ್ಲರಿಗೂ ಮುಚ್ಚುತ್ತಾರೆ. ಉಳಿದವರಿಗೆ ತೆರೆದಿರುವಷ್ಟು ಶಾಂತವಾಗಿರುವಾಗ ಲಿಫ್ಟ್‌ಗೆ ಮಾತ್ರ ಅಪಾಯ ಎನ್ನಲು ಬೇರೆ ಕಾರಣ ಕೊಡಬೇಕಾಗುತ್ತದೆ. ನಡುವಿನ ಹಂತ ಒಂದಿರಬಹುದು. ಈಜಬಹುದು, ಆದರೆ ತೂಗುವ ಕುರ್ಚಿ ಬೇಡ ಎನ್ನುವಷ್ಟು ಓಲಾಟ. ಅದಕ್ಕೆ ಇಷ್ಟು ಡಿಗ್ರಿ ವಾಲಿದರೆ ನಿಲ್ಲಿಸುತ್ತೇವೆ ಎಂಬ ಮಿತಿ ಬರೆದಿಡಲಿ. ಆ ಹೊತ್ತಿನ ಸಿಬ್ಬಂದಿಯ ಅಂದಾಜಿಗೆ ಬಿಡಬಾರದು.

ತುಕ್ಕು ನಿಜ. ಆದರೆ ಹಡಗಿನಲ್ಲಿ ಉಪ್ಪುಗಾಳಿಗೆ ಮೈಯೊಡ್ಡಿ ನಿಂತ ಯಂತ್ರಗಳು ನೂರಾರಿವೆ, ಜೀವರಕ್ಷಕ ದೋಣಿ ಇಳಿಸುವ ಯಂತ್ರವೂ ಸೇರಿ. ಅವನ್ನೆಲ್ಲ ನೋಡಿಕೊಳ್ಳುವವರು ಹಡಗಿನಲ್ಲೇ ಇರುತ್ತಾರೆ. ಇನ್ನು ಸಿಬ್ಬಂದಿ ಎತ್ತುವುದಿಲ್ಲ ಎಂಬ ನಿಲುವು ಸರಿಯಾದದ್ದೇ. ಯಾರನ್ನೂ ಮೂಟೆಯಂತೆ ಎತ್ತಿ ಇಳಿಸುವುದನ್ನು ಅಂಗವಿಕಲರೂ ಬಯಸುವುದಿಲ್ಲ. ಆದರೆ ಆ ನಿಲುವಿನಿಂದಲೇ ಲಿಫ್ಟ್‌ನ ಅಗತ್ಯ ಹೆಚ್ಚಾಗುತ್ತದೆ. ಕೈಯಿಂದ ಎತ್ತುವುದಿಲ್ಲ, ಯಂತ್ರವನ್ನೂ ಇಡುವುದಿಲ್ಲ ಎಂದರೆ ಬಾಗಿಲು ಮುಚ್ಚಿದ ಹಾಗೆಯೇ.

ನೆಲದ ಮೇಲೆ ಇದೇ ಚರ್ಚೆ ಒಮ್ಮೆ ನಡೆದಿದೆ. ಹೋಟೆಲ್ ಕೊಳಗಳಿಗೆ ಲಿಫ್ಟ್ ನಿಯಮ 2012ರ ಮಾರ್ಚ್‌ನಲ್ಲಿ ಜಾರಿಗೆ ಬರಬೇಕಿತ್ತು. ಹೋಟೆಲ್ ಉದ್ಯಮ ಬಲವಾಗಿ ವಿರೋಧಿಸಿತು. ಖರ್ಚು ಜಾಸ್ತಿ, ಮಕ್ಕಳು ಲಿಫ್ಟ್ ಮೇಲೆ ಆಡಿ ಬೀಳುತ್ತಾರೆ, ಕೊಳಗಳನ್ನೇ ಮುಚ್ಚಬೇಕಾಗುತ್ತದೆ ಎಂಬ ಮಾತುಗಳು ಬಂದವು. ಸರ್ಕಾರ ಗಡುವನ್ನು ಮುಂದೂಡಿತು. ಕೊನೆಗೆ ಈಗಾಗಲೇ ಇದ್ದ ಕೊಳಗಳಿಗೆ 2013ರ ಜನವರಿ 31 ಎಂದು ನಿಗದಿಯಾಯಿತು. ಅಲ್ಲಿ ವ್ಯತ್ಯಾಸ ಮಾಡಿದ್ದು ಬರೆದಿಟ್ಟ ಅಳತೆ. ಗಡುವು ಜಾರಿದರೂ ಅಳತೆ ಅಲ್ಲೇ ಇತ್ತು, ಲಿಫ್ಟ್ ತಯಾರಕರು ಅದಕ್ಕೆ ತಕ್ಕಂತೆ ಮಾಡಿದರು, ಹೋಟೆಲ್‌ಗಳಿಗೆ ಏನು ಕೊಳ್ಳಬೇಕು ಎಂಬುದು ಗೊತ್ತಿತ್ತು.

ಲಿಫ್ಟ್ ಇದೆ, ಇಳಿಯಲು ಆಗುತ್ತಿಲ್ಲ

ಪ್ರಯಾಣಿಕರ ದೂರುಗಳಲ್ಲಿ ಲಿಫ್ಟ್ ಇಲ್ಲ ಎಂಬುದರಷ್ಟೇ ಲಿಫ್ಟ್ ಬಳಸಲಾಗಲಿಲ್ಲ ಎಂಬುದೂ ಮುಖ್ಯ. ಯಂತ್ರಕ್ಕೆ ಹೊದಿಕೆ ಹಾಕಿ ಕಟ್ಟಿಟ್ಟಿರುತ್ತಾರೆ. ಬ್ಯಾಟರಿ ಚಾರ್ಜ್ ಆಗಿರುವುದಿಲ್ಲ. ನಡೆಸಲು ಗೊತ್ತಿರುವವರು ಆ ಪಾಳಿಯಲ್ಲಿ ಇರುವುದಿಲ್ಲ. ಮೊದಲೇ ಹೇಳಿಟ್ಟರೆ ಮಾತ್ರ ವ್ಯವಸ್ಥೆ ಮಾಡುತ್ತೇವೆ ಎನ್ನುತ್ತಾರೆ. ಬಿಸಿಲು ಬಂದಾಗ ಈಜೋಣ ಎಂಬ ಆಸೆ ಯಾರಿಗೂ ಹಿಂದಿನ ದಿನವೇ ಬರುವುದಿಲ್ಲ.

ಇನ್ನೊಂದು ತೊಡಕು, ಹೊರಬರುವುದು. ಇಳಿಸಿದ ಸಿಬ್ಬಂದಿ ಬೇರೆ ಕೆಲಸಕ್ಕೆ ಹೋದರೆ, ಕಂಟ್ರೋಲ್ ನೀರಿನಿಂದ ಕೈಗೆ ಎಟುಕದಿದ್ದರೆ, ಒಳಗಿರುವವರು ಚಳಿಯಲ್ಲಿ ಕಾಯಬೇಕು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ದೇಹದ ಉಷ್ಣತೆ ಕಾಯ್ದುಕೊಳ್ಳುವ ಶಕ್ತಿ ಕುಗ್ಗಿರಬಹುದು. ಅವರಿಗೆ ಇದು ಬರೀ ಕಿರಿಕಿರಿಯಲ್ಲ, ಅಪಾಯ. ನೀರಿನೊಳಗಿನಿಂದಲೂ ಸ್ವತಃ ನಡೆಸುವಂತಿರಬೇಕು ಎಂಬ 2010ರ ಷರತ್ತಿನ ಬೆಲೆ ಇಲ್ಲಿ ಅರ್ಥವಾಗುತ್ತದೆ.

ಕೊಳದವರೆಗಿನ ದಾರಿಯನ್ನೂ ಮರೆಯುವಂತಿಲ್ಲ. ಹೊರಡೆಕ್‌ಗೆ ಹೋಗುವ ಬಾಗಿಲು ತಾನಾಗಿ ತೆರೆಯದಿದ್ದರೆ, ಸಾಲುಸಾಲು ಒರಗುಕುರ್ಚಿಗಳು ದಾರಿಗೆ ಅಡ್ಡ ಬಂದಿದ್ದರೆ, ಹತ್ತಿರದಲ್ಲಿ ವೀಲ್‌ಚೇರ್ ಹೋಗುವಂಥ ಬಟ್ಟೆ ಬದಲಿಸುವ ಕೋಣೆ ಇಲ್ಲದಿದ್ದರೆ, ಎಷ್ಟು ಒಳ್ಳೆಯ ಲಿಫ್ಟ್ ಇದ್ದೂ ಪ್ರಯೋಜನವಿಲ್ಲ.

ಮುಂದೆ ಏನಾಗಬಹುದು?

ಹಡಗುಗಳ ಅಳತೆಯ ಅಮೆರಿಕದ ಕರಡು ಹೀಗೇ ಉಳಿದರೆ ಬದಲಾವಣೆ ದೂರು, ಒಪ್ಪಂದ ಮತ್ತು ಪೈಪೋಟಿಯ ಮೂಲಕವೇ ಬರುತ್ತದೆ. ಪೈಪೋಟಿಯ ಪಾತ್ರ ಸಣ್ಣದಲ್ಲ. ಉದ್ಯಮದ ಸಂಘಟನೆಯ ಲೆಕ್ಕದಲ್ಲಿ 2023ರಲ್ಲಿ 3 ಕೋಟಿ 17 ಲಕ್ಷ ಜನ ಕ್ರೂಸ್ ಪ್ರಯಾಣ ಮಾಡಿದ್ದಾರೆ. ಮೂರು ತಲೆಮಾರು ಒಟ್ಟಿಗೆ ಹೋಗುವ ಕುಟುಂಬಗಳನ್ನು ಎಲ್ಲ ಕಂಪನಿಗಳೂ ಸೆಳೆಯಲು ನೋಡುತ್ತಿವೆ. ಅಂಥ ಕುಟುಂಬದಲ್ಲಿ ಏಣಿ ಇಳಿಯಲಾಗದವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಆಗದ ಹಡಗನ್ನು ಇಡೀ ಕುಟುಂಬವೇ ಬಿಡುತ್ತದೆ.

ಆದರೆ ಪೈಪೋಟಿ ದೊಡ್ಡ, ಹೊಸ ಹಡಗುಗಳನ್ನು ಬದಲಿಸುತ್ತದೆ. ಹಳೆಯವು, ಚಿಕ್ಕವು, ಅಗ್ಗದ ಟಿಕೆಟ್‌ನವು ಹಿಂದೆ ಉಳಿಯುತ್ತವೆ. ದುಡ್ಡು ಇರುವವರಿಗೆ ಇಳಿಜಾರಿನ ಕೊಳ, ಇಲ್ಲದವರಿಗೆ ಏಣಿ ಎಂಬಂತಾಗುತ್ತದೆ. ಅಳತೆ ಕಡ್ಡಾಯವಾದರೆ ಈ ಅಂತರ ಕಡಿಮೆಯಾಗಬಹುದು. ಅದೂ ತಕ್ಷಣ ಅಲ್ಲ. ಹೊಸ ನಿಯಮಗಳು ಸಾಮಾನ್ಯವಾಗಿ ಹೊಸ ಹಡಗುಗಳಿಗೇ ಪೂರ್ತಿ ಅನ್ವಯವಾಗುತ್ತವೆ, ಮತ್ತು ಒಂದು ಕ್ರೂಸ್ ಹಡಗು ಮೂವತ್ತು ವರ್ಷದಷ್ಟು ಕಾಲ ಓಡಬಲ್ಲದು. ಇಂದು ನಕ್ಷೆಯ ಮೇಲಿರುವ ಹಡಗಿನ ಕೊಳದ ಕಟ್ಟೆ ಎಷ್ಟು ಎತ್ತರ ಎಂಬ ತೀರ್ಮಾನ 2050ರ ದಶಕದ ಪ್ರಯಾಣಿಕರನ್ನೂ ತಟ್ಟುತ್ತದೆ. ಅಳತೆಯನ್ನು ತಡಮಾಡಿದ ಒಂದೊಂದು ವರ್ಷವೂ ಇಷ್ಟು ಉದ್ದದ ನೆರಳು ಬಿಡುತ್ತದೆ ಎಂಬುದು ನನ್ನ ದೊಡ್ಡ ಕಳವಳ.

ಟಿಕೆಟ್ ಕೊಳ್ಳುವ ಮೊದಲು

ಸದ್ಯಕ್ಕೆ ಪ್ರಯಾಣಿಕರೇ ಕೇಳಿ ತಿಳಿಯಬೇಕು. ‘ಹಡಗು ಅಂಗವಿಕಲಸ್ನೇಹಿಯೇ?’ ಎಂದು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹಡಗಿನ ಹೆಸರು ಹೇಳಿಯೇ ಕೇಳಬೇಕು, ಯಾಕೆಂದರೆ ಒಂದೇ ಕಂಪನಿಯ ಎರಡು ಹಡಗುಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಲಿಫ್ಟ್ ಯಾವ ಕೊಳಕ್ಕೆ ಇದೆ, ಅದು ಮಕ್ಕಳ ಕೊಳವೋ ದೊಡ್ಡವರದೋ, ಹಾಟ್ ಟಬ್‌ಗೂ ಇದೆಯೇ? ಲಿಫ್ಟ್ ಅಲ್ಲೇ ನಿಂತಿರುತ್ತದೆಯೋ, ಕೇಳಿದಾಗ ತಂದು ನಿಲ್ಲಿಸುತ್ತಾರೋ? ಎಷ್ಟು ಭಾರ ತಾಳುತ್ತದೆ? ನೀರಿನೊಳಗಿನಿಂದ ನಾವೇ ನಡೆಸಬಹುದೇ? ಮೊದಲೇ ಸಮಯ ಗೊತ್ತುಮಾಡಬೇಕೇ? ಇಳಿಜಾರಿನ ಕೊಳವಾದರೆ ನೀರಿನ ವೀಲ್‌ಚೇರ್ ಹಡಗಿನಲ್ಲೇ ಸಿಗುತ್ತದೆಯೇ?

ಫೋನಿನಲ್ಲಿ ಕೇಳಿದ್ದನ್ನು ಇಮೇಲ್‌ನಲ್ಲೂ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಕ್ರೂಸ್ ಕಂಪನಿಗಳಲ್ಲಿ ಅಂಗವಿಕಲ ಪ್ರಯಾಣಿಕರಿಗೆಂದೇ ಪ್ರತ್ಯೇಕ ವಿಭಾಗ ಇರುವುದು ಸಾಮಾನ್ಯ. ಮಾರಾಟ ವಿಭಾಗಕ್ಕಿಂತ ಅವರ ಮಾತು ಹೆಚ್ಚು ನಂಬಬಹುದು. ಹಡಗು ಹತ್ತಿದ ಮೊದಲ ದಿನ, ಇನ್ನೂ ಬಂದರಿನಲ್ಲೇ ಇರುವಾಗ, ಕೊಳದ ಬಳಿ ಹೋಗಿ ಲಿಫ್ಟನ್ನು ಒಮ್ಮೆ ನಡೆಸಿ ತೋರಿಸಿ ಎಂದು ಕೇಳಿ. ಬ್ಯಾಟರಿ ಸತ್ತಿದ್ದರೆ ಚಾರ್ಜ್ ಮಾಡಲು, ಭಾಗ ಕೆಟ್ಟಿದ್ದರೆ ಮುಂದಿನ ಬಂದರಿನಲ್ಲಿ ತರಿಸಲು ಆಗ ಅವರಿಗೂ ಸಮಯ ಸಿಗುತ್ತದೆ.